ಒಂದೇ ಒಂದು ಸುತ್ತು ಜಾಯಿಕಾಯಿ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ. ಅದಕ್ಕೆ ನಾನೇ ಕಾರಣ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಒಪ್ಪಿಕೊಳ್ಳದೆ ವಿಧಿಯಿಲ್ಲ. ಅಕ್ಕನ ಮಗಳು ಮತ್ತೋಡಿನ ತವರುಮನೆಯಲ್ಲಿ ಬಾಣಂತಿಯಾಗಿದ್ದಾಗ ನಾನು ಚಿತ್ರದುರ್ಗದ ನನ್ನ ಕನ್ನಡಕದ ಅಂಗಡಿಯಲ್ಲಿ ಕೂತೇ ಆ ಮಗುವಿನ ಕಾವಲು ಕಾಯುತ್ತಿದ್ದೆ. ಫೋಟೋ ಬಂದರೆ ಎಲ್ಲರೂ ಮಗುವಿನ ಮುಖ ನೋಡಿ ಹೂವು, ಹೃದಯ ಕಳಿಸುವರು. ನಾನು ಫೋಟೋ ದೊಡ್ಡದು ಮಾಡಿಕೊಂಡು ಮಗುವಿನ ಸುತ್ತ ಏನಿದೆ ಎಂದು ಹುಡುಕುವೆ. ಗೋಡೆಯಲ್ಲಿ ಹಲ್ಲಿ ಕಂಡರೆ ಹಲ್ಲಿಯ ಬಗ್ಗೆ ಬರೆಯುವೆ. ಸಾಂಬ್ರಾಣಿ ಹೊಗೆ ದಟ್ಟವಾಗಿದ್ದರೆ ಹೊಗೆಯ ಬಗ್ಗೆ. ಏನೂ ಸಿಗದಿದ್ದರೆ ಫ್ಯಾನು ಗಟ್ಟಿಯಾಗಿ ಕೂತಿದೆಯೋ ಇಲ್ಲವೋ ಎಂದು ಕೇಳುವೆ. ಒಮ್ಮೆ ಮಗುವಿಗೆ ಬಿಕ್ಕಳಿಕೆ ಬಂದ ವಿಡಿಯೋ ನೋಡಿ ನಾನು ಒಂದೇ ಸಮನೆ ಫೋನ್ ಮಾಡಿದಾಗ ಅಕ್ಕ ಹೇಳಿದಳು:

"ಲೇ ತಮ್ಮ, ನಾನೂ ಎರಡು ಹೆತ್ತೀನಿ. ನೀನು ಗಿರಾಕಿ ನೋಡ್ಕ ಹೋಗು."

ನನ್ನ ಹೆಂಡತಿ ಹಿರಿಯೂರಿನವಳು, ಮಾತಿನಲ್ಲಿ ಉಳಿಕೆ ಇಡುವವಳಲ್ಲ. "ನಿಮ್ಮ ತಲೇಲಿ ಒಂದು ಆಂಬುಲೆನ್ಸು ಯಾವಾಗ್ಲೂ ಸ್ಟಾರ್ಟ್ ಮಾಡ್ಕಂಡೇ ನಿಂತಿರ್ತೈತೆ ಕಣ್ರಿ. ಪೇಷೆಂಟ್ ಸಿಗದೆ ಅದಕ್ಕೇ ಸಂಕಟ" ಎಂದಳು.

ಹೀಗಾಗಿ, ನಿಜವಾಗಿ ಭಯಪಡಬೇಕಾದ ವಿಷಯ ಬಂದಾಗ ನನ್ನ ಭಯವನ್ನು ಕೇಳುವವರು ಯಾರೂ ಉಳಿದಿರಲಿಲ್ಲ.

ಐದನೆಯ ತಿಂಗಳಿಗೆ ಅಕ್ಕನ ಮಗಳು ಕೂಸನ್ನು ಎತ್ತಿಕೊಂಡು ಚಿಕ್ಕಜಾಜೂರಿಗೆ ಗಂಡನ ಮನೆಗೆ ಬಂದಳು. ಅಳಿಯ ಅಲ್ಲಿ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದಾನೆ. ಪಾಳಿ ಕೆಲಸ. ರಾತ್ರಿ ಪಾಳಿ ಮುಗಿಸಿ ಬಂದರೆ ಹಗಲೆಲ್ಲ ಮಲಗಬೇಕು. ಅವರಿರುವುದು ರೈಲ್ವೆ ಕ್ವಾರ್ಟರ್ಸಿನಲ್ಲಿ. ಒಂದಕ್ಕೊಂದು ಗೋಡೆ ಹಂಚಿಕೊಂಡ ಸಣ್ಣ ಸಣ್ಣ ಮನೆಗಳ ಸಾಲು, ಎದುರಿಗೆ ಅಂಥದ್ದೇ ಇನ್ನೊಂದು ಸಾಲು, ನಡುವೆ ನಲ್ಲಿ. ಅಕ್ಕನ ಮಗಳು ಮನೆಯಲ್ಲೇ ಬ್ಲೌಸು ಹೊಲಿದುಕೊಡುತ್ತಾಳೆ. ಅವಳ ಅತ್ತೆ ತೀರಿಕೊಂಡು ಬಹಳ ಕಾಲವಾಗಿದೆ. ಅಕ್ಕ ಮತ್ತೋಡು ಬಿಟ್ಟು ಬರುವ ಹಾಗಿಲ್ಲ, ನಮ್ಮ ಭಾವನಿಗೆ ಮಂಡಿ ಆಪರೇಷನ್ ಆಗಿತ್ತು. ಅಂದರೆ ಮನೆಯಲ್ಲಿ ಎಳೆ ಕೂಸು, ಹೊಲಿಗೆ ಮೆಷಿನ್ನು, ಮಲಗಿದ ಗಂಡ, ನೋಡಿಕೊಳ್ಳಲು ಇವಳೊಬ್ಬಳೇ.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಒಂದು ಭಾನುವಾರ. ದುರ್ಗದಿಂದ ಹೊಳಲ್ಕೆರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಕೈಯಲ್ಲಿ ಬಿಸ್ಕತ್ತು, ಬಾಳೆಹಣ್ಣು, ಮಗುವಿಗೊಂದು ಸೊಳ್ಳೆಪರದೆ. ಅವಳು ಮೆಷಿನ್ ತುಳಿಯುತ್ತಿದ್ದಳು. ತೊಟ್ಟಿಲು ಖಾಲಿ ಇತ್ತು.

"ಕೂಸೆಲ್ಲವ್ವಾ?"

"ಯಾರ ಮನೇಲೋ ಇರ್ಬೇಕು, ಕುಂತ್ಕ ಮಾವ."

ಪಕ್ಕದ ಮನೆಯವರು ಇಸಕೊಂಡು ಹೋದ ಜರಡಿಯ ಬಗ್ಗೆ ಹೇಳುವ ಹಾಗೆ ಹೇಳಿದಳು. ನಾನು ಕೂತೆ. ಕೂತ ಹಾಗೆ ಮಾಡಿದೆ ಎನ್ನುವುದು ಸರಿ. ಬಾಗಿಲಿಗೆ ಎದ್ದುಹೋಗಿ ಎರಡೂ ಸಾಲಿನ ಬಾಗಿಲುಗಳನ್ನು ನೋಡಿದೆ. ಎಲ್ಲ ಬಾಗಿಲೂ ತೆರೆದಿದ್ದವು, ಯಾವುದರಲ್ಲೂ ಮಗು ಕಾಣಲಿಲ್ಲ. "ಯಾರ ಮನೇಲಿ ಅಂತ ಗೊತ್ತಿಲ್ದಂಗೆ ಹೆಂಗಿರ್ತೀಯವ್ವ ನೀನು?" ಎಂದರೆ, "ಇಲ್ಲಿಂದ ಎಲ್ಲಿಗೋಗ್ತೈತೆ ಮಾವ, ಅದಕ್ಕೇನು ನಡಿಯಾಕೆ ಬರ್ತೈತಾ?" ಎಂದು ಹಲ್ಲಿನಲ್ಲಿ ದಾರ ಕಡಿದಳು.

ಸ್ವಲ್ಪ ಹೊತ್ತಿಗೆ ಎದುರು ಮನೆಯಾಕೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಅವರು ರಾಯದುರ್ಗದ ಕಡೆಯವರು, ಮಾತಿನ ನಡುವೆ ತೆಲುಗು ಬರುತ್ತದೆ. "ಮಾವಯ್ಯ ಬಂದವ್ರಾ? ನೋಡ್ರಿ, ಎಂಥಾ ಸಾಧು ಕೂಸು! ಅಳಾಕೇ ಬರಲ್ಲ ಇದಕ್ಕೆ" ಎಂದು ತೊಟ್ಟಿಲಿಗೆ ಹಾಕಿದರು. ಮಗು ಕಣ್ಣು ಬಿಡಲಿಲ್ಲ. ಅಷ್ಟರಲ್ಲಿ ಒಂದು ಗೂಡ್ಸು ರೈಲು ಉದ್ದಕ್ಕೆ ಹಾರನ್ ಹಾಕುತ್ತ ಹೋಯಿತು. ಗೂಡಿನಲ್ಲಿದ್ದ ಲೋಟಗಳು ಗಡಗಡ ಅಂದವು. ನಾನು ಬೆಚ್ಚಿಬಿದ್ದೆ, ಮಗು ಮಿಸುಕಲಿಲ್ಲ. ಅಳಿಯ ಒಳಕೋಣೆಯಿಂದ ನಿದ್ದೆಗಣ್ಣಿನಲ್ಲೇ ಬಂದು ಹೆಮ್ಮೆಯಿಂದ ಹೇಳಿದ: "ರೈಲ್ವೆ ಕೂಸು ಮಾವ. ಹಾರನ್ನಿಗೆಲ್ಲ ಕ್ಯಾರೇ ಅನ್ನಲ್ಲ."

ಸಂಜೆಯವರೆಗೂ ಅಲ್ಲಿದ್ದೆ. ಆ ಮಗು ಒಂದು ಸಲ ಎದ್ದು ಒಂದಿಷ್ಟು ಹಾಲು ಕುಡಿದು ಮತ್ತೆ ಮಲಗಿತು. ಬಂದವರೆಲ್ಲ ಅದನ್ನೇ ಹೊಗಳಿದರು. ಸಾಧು ಕೂಸು, ಪುಣ್ಯದ ಕೂಸು, ತಾಯಿಗೆ ತೊಂದರೆ ಕೊಡದ ಕೂಸು. ಹಿಂದಿರುಗುವ ಬಸ್ಸಿನಲ್ಲಿ ನನ್ನ ತಲೆಯೊಳಗಿನ ಆಂಬುಲೆನ್ಸು ಹೊರಟೇಬಿಟ್ಟಿತ್ತು. ಮಗುವಿಗೆ ಕಿವಿ ಕೇಳುವುದಿಲ್ಲ ಎಂದು ನಾನು ತೀರ್ಮಾನಿಸಿದ್ದೆ.

ಮುಂದಿನ ಭಾನುವಾರ ಅದನ್ನು ಪರೀಕ್ಷೆ ಮಾಡಿದೆ. ಅವಳು ನೀರಿಗೆ ಹೋದ ಸಮಯ ನೋಡಿ ತೊಟ್ಟಿಲ ಪಕ್ಕದಲ್ಲಿ ಸ್ಟೀಲು ತಟ್ಟೆಗೆ ಸೌಟಿನಿಂದ ಹೊಡೆದೆ. ಅಳಿಯ ಹಾಸಿಗೆಯಿಂದ ಎಗರಿ, ಲುಂಗಿ ಹಿಡಿದುಕೊಂಡು ಓಡಿಬಂದ. ಮಗು ಮೆಲ್ಲಗೆ ಕಣ್ಣು ತೆರೆದು, ಶಬ್ದ ಬಂದ ಕಡೆಗೆ, ಅಂದರೆ ನನ್ನ ಕಡೆಗೆ ತಿರುಗಿ ನೋಡಿತು. ನೋಡಿ ಮತ್ತೆ ಮುಚ್ಚಿತು. ಕಿವಿ ಚೆನ್ನಾಗಿಯೇ ಇತ್ತು. ಕಣ್ಣು ತೆರೆದಿಡುವಷ್ಟು ಆಸಕ್ತಿಯೇ ಅದಕ್ಕೆ ಇರಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. "ಕೂಸು ಅಳ್ತೈತೆ ಅಂತ ಗೋಳಾಡೋರ್ನ ನೋಡೀನಿ. ಅಳಲ್ಲ ಅಂತ ಗೋಳಾಡೋನು ನೀನೊಬ್ಬನೇ ಕಣೋ" ಎಂದು ನಕ್ಕಳು. ಹೆಂಡತಿಗೆ ಹೇಳಿದೆ. "ಮುಂದಿನ ಸಲ ಡೋಲು ತಗೊಂಡು ಹೋಗ್ರಿ" ಎಂದಳು.

ಆದರೆ ಆ ದಿನ ನಾನು ಇನ್ನೊಂದನ್ನು ನೋಡಿದ್ದೆ. ನಾಮಕರಣದ ದಿನ ಮತ್ತೋಡಿನಲ್ಲಿ ಅಕ್ಕ ಆ ಮಗುವಿನ ಕೈಗೆ ದೃಷ್ಟಿಮಣಿ ಬಳೆ ಹಾಕಿದ್ದಳು. ಆಗಲೇ ಅದು ಮುಂಗೈಗೆ ಸರಿಯಾಗಿ ಕೂತಿತ್ತು. "ಎರಡು ತಿಂಗಳಿಗೆ ಬಿಗಿಯಾಗ್ತೈತೆ, ಆಮೇಲೆ ಬೇರೆ ಹಾಕಾಣ" ಎಂದು ಅವಳೇ ಹೇಳಿದ್ದಳು. ಎರಡು ತಿಂಗಳಲ್ಲ, ಅದಕ್ಕಿಂತ ಹೆಚ್ಚೇ ಕಳೆದಿತ್ತು. ಬಳೆ ಮುಂಗೈಯಲ್ಲಿ ಸಡಿಲವಾಗಿ ತಿರುಗುತ್ತಿತ್ತು.

"ಹಾಲು ಎಷ್ಟು ಸಲ ಕುಡಿಸ್ತೀಯವ್ವ?" ಎಂದು ಅಕ್ಕನ ಮಗಳನ್ನು ಕೇಳಿದೆ.

"ಎದ್ದಾಗೆಲ್ಲ."

"ಎಷ್ಟು ಸಲ ಏಳ್ತೈತೆ?"

ಅವಳು ಮೆಷಿನ್ ನಿಲ್ಲಿಸಿದಳು. "ಮಾವ, ನೀನು ಕನ್ನಡಕ ಮಾರೋನು, ಡಾಕ್ಟ್ರಲ್ಲ. ಇಲ್ಲಿಗೆ ಬಂದ ಮೊದಮೊದಲು ರಾತ್ರಿಯೆಲ್ಲ ಅಳ್ತಿತ್ತು, ನಾನು ನಲ್ಲಿ ಹತ್ರ ನಿಂತ್ಕಂಡೇ ತೂಕಡಿಸ್ತಿದ್ದೆ. ಆಗ ನೀನು ಎಲ್ಲಿದ್ದೆ? ಈಗ ದೇವರು ಕಣ್ಣು ಬಿಟ್ಟು ಕೂಸು ಮಲಗ್ತೈತೆ. ಅದಕ್ಕೂ ತಕರಾರಾ ನಿಂದು?"

ನಾನು ಆಗ ಎಲ್ಲಿದ್ದೆ ಎಂದರೆ, ಫ್ಯಾನಿನ ಬಗ್ಗೆ ಮೆಸೇಜು ಬರೆಯುತ್ತಿದ್ದೆ. ಮಕ್ಕಳ ವಿಷಯದಲ್ಲಿ ಗಂಡಸಿನ ಮಾತನ್ನು ನಮ್ಮ ಕಡೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದರಲ್ಲೂ ನನ್ನಂಥ ಗಂಡಸಿನ ಮಾತನ್ನು ಎತ್ತಿ ಪಕ್ಕಕ್ಕೆ ಇಟ್ಟುಬಿಡುತ್ತಾರೆ. ಆ ವಾರವೆಲ್ಲ ಅಂಗಡಿಗೆ ಬಂದವರಿಗೆ ತಪ್ಪು ಮಸೂರ ಹಾಕಿ "ಈಗ ಕಾಣ್ತೈತಾ?" ಎಂದು ಕೇಳುತ್ತಿದ್ದೆ. ಕಾಣುವುದಿಲ್ಲ ಎನ್ನುತ್ತಿದ್ದರು. ನಮ್ಮ ಮನೆಯವರಿಗೂ ಕಾಣುವುದಿಲ್ಲವಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೂರನೆಯ ಸಲ ಹೋದಾಗ ತೀರ್ಮಾನ ಮಾಡಿಕೊಂಡೇ ಹೋಗಿದ್ದೆ. ಇವತ್ತು ಕೂರುವುದಿಲ್ಲ. ಮಗು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಲ್ಲಿಗೆ ಹೋಗುತ್ತೇನೆ. ತೊಟ್ಟಿಲು ಎಂದಿನಂತೆ ಖಾಲಿ. ಎದುರು ಮನೆಗೆ ಹೋದೆ. "ಅಯ್ಯೋ ಅನ್ನಾ, ಈಗ ತಾನೆ ಮೂಲೆಮನೆ ಅಜ್ಜಿ ಎತ್ಕಂಡು ಹೋದ್ರು" ಎಂದರು ಆಕೆ.

ಮೂಲೆಮನೆಯ ಅಜ್ಜಿಯ ಮಗ ಹಳಿಯ ಮೇಲೆ ಕೆಲಸ ಮಾಡುವವನು. ಅಜ್ಜಿ ಕಾಲು ಚಾಚಿ, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು, ಪಕ್ಕದಲ್ಲಿ ಸಾಣೆಕಲ್ಲು ಇಟ್ಟುಕೊಂಡು ಕೂತಿದ್ದರು. ಕಲ್ಲಿನ ಮೇಲೆ ಎರಡು ಹನಿ ಹಾಲು. ಕೈಯಲ್ಲಿ ಸವೆದ ಜಾಯಿಕಾಯಿ.

"ಬರ್ರಿ ಮಾವನೋರೇ, ಕುಂತ್ಕಳ್ರಿ. ನಿಮ್ಮ ಮೊಮ್ಮಗಳಿಗೆ ಔಷ್ದಿ ತೇಯ್ತಿದ್ದೆ."

"ಏನೌಷ್ದಿ ಅಜ್ಜಿ?"

"ಏನಿಲ್ಲಪ್ಪ, ಒಂದೇ ಒಂದು ಸುತ್ತು ಜಾಯಿಕಾಯಿ. ಹೊಟ್ಟೆ ಹಗುರಾಗಿ ಕಣ್ತುಂಬ ನಿದ್ದೆ ಬರ್ತೈತೆ."

ಇದು ನನಗೆ ಹೊಸದಲ್ಲ. ನಮ್ಮ ಮನೆಯಲ್ಲೂ ತೇಯುತ್ತಿದ್ದರು. ಜಾಯಿಕಾಯಿಯನ್ನು ಕಲ್ಲಿನ ಮೇಲೆ ಒಂದು ಸಲ ಗುಂಡಗೆ ತಿರುಗಿಸಿದರೆ ಅದು ಒಂದು ಸುತ್ತು. ಅಳತೆ ಎಂದರೆ ಅದೇ. ಎರಡನೆಯ ಸುತ್ತಿಗೆ ಕೈ ಹೋದರೆ ಪಕ್ಕದಲ್ಲಿರುವ ಹಿರಿಯಳು "ಸಾಕು ಬಿಡೇ" ಎಂದು ಗದರಿಸುವಳು. ಅಜ್ಜಿಯ ಒಂದು ಸುತ್ತಿಗೆ ಭಯಪಡುವಷ್ಟು ನಾನೂ ಕೆಟ್ಟಿರಲಿಲ್ಲ. ಆದರೆ ಎದುರು ಮನೆಯ ಬಾಗಿಲಿನಿಂದಲೇ ಕೇಳಿಸಿಕೊಳ್ಳುತ್ತಿದ್ದ ಆಕೆ ಅಲ್ಲಿಂದಲೇ ಕೂಗಿದರು:

"ಅಜ್ಜೀ, ನಾನು ಬೆಳಗ್ಗೇನೇ ಹಾಕೀನಿ, ಒಂದು ಸುತ್ತು!"

ಅಜ್ಜಿಯ ಕೈ ನಿಂತಿತು. "ನೀನೂ ಹಾಕ್ತೀಯೇನೇ?"

"ದಿನಾ ಹಾಕ್ತೀನಿ. ಪಾಪ, ಆ ಹುಡುಗಿ ನಿದ್ದೆ ಇಲ್ಲ ಅಂತ ನಲ್ಲಿ ಹತ್ರ ಅಳ್ತಿದ್ಲಲ್ಲ ಅವತ್ತು."

ನಾನು ಎದ್ದೆ. ಅಕ್ಕನ ಮಗಳ ಪಕ್ಕದ ಮನೆಯ ಹಿರಿಯ ಹೆಂಗಸನ್ನು ಕೇಳಿದೆ. ಅವರು ಸಂಜೆ ಮಗುವನ್ನು ಎತ್ತಿಕೊಂಡು ಹೋಗುವವರು. "ಹೂಂ, ದೀಪ ಹಚ್ಚೋ ಹೊತ್ತಿಗೆ ಒಂದೇ ಸುತ್ತು" ಎಂದರು. ಕೊನೆಗೆ ಅಕ್ಕನ ಮಗಳ ಎದುರು ಹೋಗಿ ನಿಂತೆ. ಅವಳ ಅಡುಗೆಮನೆಯಲ್ಲೂ ಒಂದು ಕಲ್ಲಿತ್ತು. ಮತ್ತೋಡಿನಿಂದ ಅಕ್ಕನೇ ಕೊಟ್ಟು ಕಳಿಸಿದ್ದು. "ಅವ್ವ ಹೇಳ್ಯಾಳೆ, ರಾತ್ರಿ ಮಲಗೋ ಮುಂದೆ ಒಂದು..." ಎಂದವಳು ನನ್ನ ಮುಖ ನೋಡಿ ಮಾತು ಅರ್ಧಕ್ಕೇ ನಿಲ್ಲಿಸಿದಳು.

ಒಂದು ಮನೆಯಲ್ಲಿ ಒಬ್ಬಳೇ ಹಿರಿಯಳು, ಒಂದೇ ಕಲ್ಲು ಇದ್ದಾಗ ಒಂದು ಸುತ್ತು ಎಂದರೆ ಒಂದೇ ಸುತ್ತು. ಇಲ್ಲಿ ಒಂದು ಮಗುವಿಗೆ ಒಂದು ಸಾಲೇ ಮನೆ. ಪ್ರತಿ ಮನೆಯಲ್ಲೂ ಒಬ್ಬ ಹಿರಿಯಳು, ಪ್ರತಿಯೊಬ್ಬಳಿಗೂ ಆ ತಾಯಿಯ ಮೇಲೆ ಮರುಕ. ಯಾರೂ ಮುಚ್ಚಿಟ್ಟಿರಲಿಲ್ಲ. ಬೇರೆಯವರು ತೇಯುತ್ತಿರಬಹುದು ಎಂದು ಯಾರಿಗೂ ಅನಿಸಿರಲಿಲ್ಲ, ಅಷ್ಟೇ.

ನಾನು ಅದನ್ನು ಮೆತ್ತಗೆ ಹೇಳಬಹುದಿತ್ತು. ಹೇಳಲಿಲ್ಲ. ತಿಂಗಳುಗಟ್ಟಲೆ ಯಾರೂ ಕೇಳದ ಮಾತು ಒಂದೇ ಸಲಕ್ಕೆ ಹೊರಗೆ ಬಂತು. "ಕೂಸಿಗೆ ಮತ್ತು ಬರಿಸಿ ಮಲಗಿಸಿ ಸಾಧು ಕೂಸು ಅಂತೀರಾ? ಅದು ಎದ್ರೆ ತಾನೆ ಹಾಲು ಕುಡಿಯೋದು? ಬಳೆ ನೋಡಿದ್ರಾ ಯಾರಾದ್ರೂ? ಕಲ್ಲು ಕೊಟ್ಟು ಕಳಿಸಿದ ನಮ್ಮಕ್ಕನಿಗಾದ್ರೂ ಬುದ್ಧಿ ಬೇಡ್ವಾ?" ಎಂದು ಎರಡೂ ಸಾಲಿಗೆ ಕೇಳುವ ಹಾಗೆ ಕೂಗಾಡಿದೆ. ಅಜ್ಜಿ ಕಲ್ಲಿನ ಮೇಲಿದ್ದ ಹಾಲನ್ನು ನೆಲಕ್ಕೆ ಚೆಲ್ಲಿದರು. ಪಕ್ಕದ ಮನೆಯ ಹಿರಿಯರು "ನಾವೇನು ವಿಷ ಹಾಕಿದ್ವಾ?" ಎಂದು ಒಳಗೆ ಹೋದರು.

ಅಕ್ಕನ ಮಗಳು ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡಳು. ಕಣ್ಣಲ್ಲಿ ನೀರಿತ್ತು, ಆದರೆ ಅದು ಕೋಪದ ನೀರು.

"ನೀನು ಭಾನುವಾರ ಬಂದು ಭಾನುವಾರ ಹೋಗ್ತೀಯ ಮಾವ. ಸೋಮವಾರದಿಂದ ನಂಗೆ ಇವ್ರೇ ದಿಕ್ಕು. ನಾಳೆ ನಂಗೆ ಜ್ವರ ಬಂದ್ರೆ ಈ ಕೂಸನ್ನ ಯಾರು ಎತ್ಕಂತಾರೆ? ನಿನ್ನ ಮೆಸೇಜಾ?"

"ಮೊದಲು ಡಾಕ್ಟ್ರ ಹತ್ರ ಹೋಗಾಣ ನಡಿ. ನಾನು ಹೇಳಿದ್ದು ಸುಳ್ಳಾದ್ರೆ ಇನ್ನು ನಿಮ್ಮ ಮನೆ ಕಡೆ ತಲೆ ಹಾಕಲ್ಲ."

"ನಡಿ. ಸುಳ್ಳಾಗ್ಲಿ ಅಂತಾನೇ ಬರ್ತೀನಿ" ಎಂದಳು.

ಆ ದಿನ ಭಾನುವಾರ, ದವಾಖಾನೆ ಇರಲಿಲ್ಲ. ರಾತ್ರಿ ಅಲ್ಲೇ ಉಳಿದು ಮರುದಿನ ಬೆಳಗ್ಗೆ ಹೊಳಲ್ಕೆರೆಗೆ ಹೋದೆವು. ಅಳಿಯ ಪಾಳಿ ಬದಲಾಯಿಸಿಕೊಂಡು ಬಂದಿದ್ದ. ಮಕ್ಕಳ ಡಾಕ್ಟರು ನಡುವಯಸ್ಸಿನ ಹೆಂಗಸು. ಮಗುವನ್ನು ತೂಕಕ್ಕೆ ಹಾಕಿದರು, ಅಂಗಾಲಿಗೆ ಬೆರಳಿನಿಂದ ಚಿಟಿಕೆ ಹೊಡೆದರು, ರೆಪ್ಪೆ ಎತ್ತಿ ನೋಡಿದರು. ಏನು ಕೊಡುತ್ತೀರಿ ಎಂದು ಕೇಳಿದರು. ಅಕ್ಕನ ಮಗಳು ನೆಲ ನೋಡುತ್ತ ಒಂದೊಂದೇ ಮನೆಯ ಲೆಕ್ಕ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು. ಮಗುವಿನ ತೂಕ ವಯಸ್ಸಿಗೆ ತಕ್ಕಷ್ಟಿಲ್ಲ, ಜಾಯಿಕಾಯಿ ಇವತ್ತಿನಿಂದಲೇ ಪೂರ್ತಿ ಬಂದ್, ಹಾಲಿಗಾಗಿ ಎಬ್ಬಿಸಲೇಬೇಕು, ಇನ್ನೂ ಹೀಗೇ ಬಿಟ್ಟಿದ್ದರೆ ಉಸಿರಿಗೇ ತೊಂದರೆ ಆಗಬಹುದಿತ್ತು ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವ್ಯಾರು?"

"ಇವಳ ಸೋದರಮಾವ."

"ಮನೆ ಹಿರಿಯರಾಗಿ ಇಷ್ಟು ದಿನ ಏನು ನೋಡ್ತಿದ್ರಿ? ಸ್ವಲ್ಪನಾದ್ರೂ ಯೋಚನೆ ಬೇಡ್ವಾ ನಿಮಗೆ?"

ನನಗೆ ಯೋಚನೆ ಇಲ್ಲ ಎಂದು ನನ್ನ ಜೀವಮಾನದಲ್ಲಿ ಯಾರಾದರೂ ಬೈದದ್ದು ಅದೊಂದೇ ಸಲ. ಅಳಿಯ ಕೆಮ್ಮಿದ. ನಾನು ತಲೆ ತಗ್ಗಿಸಿ "ತಪ್ಪಾಯ್ತು ಮೇಡಂ" ಎಂದೆ. ಬೇರೆ ಏನು ಹೇಳುವುದು?

ನಾನು ಗೆದ್ದಿದ್ದೆ. ಆದರೆ ಗೆದ್ದೆ ಎಂದು ಹೇಳಿಕೊಳ್ಳಲು ಜನವೇ ಇರಲಿಲ್ಲ. ಅಕ್ಕನಿಗೆ ಫೋನ್ ಮಾಡಿದರೆ, "ಕಲ್ಲು ಕೊಟ್ಟೋಳು ನಾನೇ ಅಂತ ಎಲ್ರ ಮುಂದೆ ಹೇಳಿದೆಯಂತಲ್ಲ" ಎಂದು ಸಿಡುಕಿ ಇಟ್ಟುಬಿಟ್ಟಳು. ಗುಂಪಿನಲ್ಲಿ ಒಬ್ಬರೂ ಆ ವಿಷಯ ಎತ್ತಲಿಲ್ಲ. ಹೆಂಡತಿ ಒಬ್ಬಳು ಮಾತ್ರ ಊಟಕ್ಕೆ ಬಡಿಸುತ್ತ, "ಸದ್ಯ, ಒಂದ್ಸಲನಾದ್ರೂ ಪೇಷೆಂಟ್ ಸಿಕ್ತಲ್ಲ" ಎಂದಳು. ಅದನ್ನೇ ಮೆಚ್ಚುಗೆ ಎಂದುಕೊಂಡು ಎರಡು ಮುದ್ದೆ ಉಂಡೆ.

ಜಾಯಿಕಾಯಿ ನಿಂತ ಕೆಲವೇ ದಿನಗಳಲ್ಲಿ ಮಗು ಅಳಲು ಶುರುಮಾಡಿತು. ಅದು ಅಂತಿಂಥ ಅಳುವಲ್ಲ. ಇಷ್ಟು ದಿನದ್ದೆಲ್ಲ ಬಾಕಿ ತೀರಿಸುವ ಹಾಗೆ ಹಗಲೂ ರಾತ್ರಿ ಅತ್ತಿತು. ಅಕ್ಕನ ಮಗಳು ಒಮ್ಮೆ ನನಗೆ ಫೋನ್ ಮಾಡಿ, ಫೋನನ್ನು ಮಗುವಿನ ಬಾಯಿಯ ಹತ್ತಿರ ಹಿಡಿದಳು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. "ಕೇಳಿಸ್ತಾ? ತಗೋ, ನಿನ್ನಾಸೆ ಪೂರೈಸ್ತು" ಎಂದು ಕಟ್ ಮಾಡಿದಳು. ಹಾಲು ಚೆನ್ನಾಗಿ ಕುಡಿಯುತ್ತಿದೆಯಾ ಎಂದು ನಾನು ಮೆಸೇಜು ಹಾಕಿದೆ. ಸಂಜೆಗೆ "ಹೂಂ" ಎಂದು ಒಂದೇ ಅಕ್ಷರ ಬಂತು. ಆ ಹೂಂ ಅನ್ನು ನಾನು ಎಷ್ಟು ಸಲ ತೆಗೆದು ನೋಡಿದೆನೋ.

ಅವರೆಕಾಯಿಯ ಕಾಲಕ್ಕೆ ಮತ್ತೆ ಹೋದೆ. ಈ ಸಲ ಮಗು ಮನೆಯಲ್ಲೇ ಇತ್ತು. ಅದೇ ನನಗೆ ವಿಚಿತ್ರವೆನಿಸಿತು. ಎರಡೂ ಸಾಲಿನಲ್ಲಿ ಯಾರೂ ಅದನ್ನು ಎತ್ತಿಕೊಂಡು ಹೋಗುತ್ತಿರಲಿಲ್ಲ. ಎದುರು ಮನೆಯಾಕೆ ನನ್ನನ್ನು ನೋಡಿ ತಲೆ ಆಡಿಸಿ ಒಳಗೆ ಹೋದರು, ಮೊದಲಿನಂತೆ ಅನ್ನಾ ಎಂದು ಕರೆಯಲಿಲ್ಲ. ಅಕ್ಕನ ಮಗಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಹೊಲಿಯಬೇಕಾದ ಬಟ್ಟೆ ಕುರ್ಚಿಯ ಮೇಲೆ ರಾಶಿ ಬಿದ್ದಿತ್ತು. ಕೂಗುತ್ತಿದ್ದ ಮಗುವನ್ನು ಅವಳು ತಂದು ನನ್ನ ಕೈಗೆ ಹಾಕಿದಳು.

"ತಗೋ ಮಾವ. ಅಳೋ ಹಂಗೆ ಮಾಡಿದ್ದು ನೀನು, ಸಮಾಧಾನ ಮಾಡೋದೂ ನೀನೇ. ನಾನು ಎರಡು ಬ್ಲೌಸು ಮುಗಿಸ್ಕಂತೀನಿ."

ಕೈಗೆ ಭಾರವಾಯಿತು ಮಗು. ಮೊದಲಿನ ಹಾಗೆ ಹತ್ತಿಯ ಮೂಟೆಯಲ್ಲ. ಕಾಲು ಝಾಡಿಸಿ ನನ್ನ ಹೊಟ್ಟೆಗೆ ಒದೆಯಿತು. ಆ ಒದೆತಕ್ಕೆ ನನಗೆ ಎಷ್ಟು ಸಂತೋಷವಾಯಿತೋ, ಅದರ ಅಳುವಿಗೆ ಅಷ್ಟೇ ಗಾಬರಿಯಾಯಿತು. ಬೀಗದ ಕೈ ಅಲ್ಲಾಡಿಸಿದೆ. ಮೊಬೈಲಿನಲ್ಲಿ ಹಾಡು ಹಾಕಿದೆ. ಹೊರಗೆ ಬಂದು ರೈಲು ತೋರಿಸೋಣವೆಂದರೆ ಒಂದು ರೈಲೂ ಬರಲಿಲ್ಲ. ಮಗುವಿನ ಮುಖ ಕೆಂಪಾಗಿ, ಉಸಿರು ಹಿಡಿದು ಹಿಡಿದು ಬಿಡುತ್ತಿತ್ತು. ಇಷ್ಟು ಅತ್ತರೆ ಏನಾದರೂ ಆಗುತ್ತದೆಯೇ? ಯಾರನ್ನು ಕೇಳುವುದು?

ಮೂಲೆಮನೆಯ ಅಜ್ಜಿ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬಹಳ ಹೊತ್ತು ನನ್ನ ಕಡೆ ನೋಡಲಿಲ್ಲ. ಕೊನೆಗೆ ಮೊರ ಪಕ್ಕಕ್ಕಿಟ್ಟು ಎದ್ದು ಬಂದು, ಒಂದು ಕೈಯಿಂದ ಮಗುವನ್ನು ನನ್ನಿಂದ ಕಿತ್ತುಕೊಂಡು ಹೆಗಲಿಗೆ ಹಾಕಿಕೊಂಡರು. ಇನ್ನೊಂದು ಕೈ ಮುಚ್ಚಿತ್ತು.

ಕೇಳಬಾರದು ಎಂದು ನನಗೆ ಗೊತ್ತಿತ್ತು. ಆದರೂ ಬಾಯಿ ಕೇಳಿತು.

"ಅಜ್ಜಿ, ಕೈಯಾಗೇನೈತೆ?"

ಒಳಗೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು.

ಅಜ್ಜಿ ನನ್ನ ಮುಖ ನೋಡಿದರು. ಆಮೇಲೆ ಮುಷ್ಟಿ ಬಿಚ್ಚಿದರು. ಸುಲಿದ ಅವರೆಕಾಯಿಯ ಸಿಪ್ಪೆ. ಅದನ್ನು ನನ್ನ ಕಾಲ ಹತ್ತಿರ ಹಾಕಿ, ಅಂಗೈಯನ್ನು ಸೆರಗಿಗೆ ಒರೆಸಿ, ಹಿಂದೆ ಮುಂದೆ ತಿರುಗಿಸಿ ತೋರಿಸಿದರು.

"ನೋಡ್ಕಳಪ್ಪ. ಸೊಂಟದ ಚೀಲಾನೂ ಬಿಚ್ಲಾ?"

"ಹಂಗಲ್ಲ ಅಜ್ಜಿ..."

"ಒಳಗೆ ಕರ್ಕಂಡು ಹೋಗ್ಲೋ ಬ್ಯಾಡ್ವೋ? ಅದು ಹೇಳು."

ನಾನು ಹಿಂದೆ ತಿರುಗಿದೆ. ಅಕ್ಕನ ಮಗಳು ಬಾಗಿಲಿಗೆ ಬಂದು ನಿಂತಿದ್ದಳು, ಕೈಯಲ್ಲಿ ಕತ್ತರಿ. ನಾನೇನು ಹೇಳುತ್ತೇನೆ ಎಂದು ಕಾಯುತ್ತಿದ್ದಳು.

"ಕರ್ಕಂಡು ಹೋಗ್ರಿ" ಎಂದೆ.

ಅಜ್ಜಿ ಮಗುವಿನ ಬೆನ್ನು ತಟ್ಟುತ್ತ ತಮ್ಮ ಮನೆಯೊಳಗೆ ಹೋದರು. ಬಾಗಿಲು ಹಾಕಲಿಲ್ಲ. ನಾನು ಹೊರಗೆ, ಜಾಯಿಕಾಯಿ, ಕಲ್ಲು ಇಡುವ ಅಡುಗೆಮನೆಯ ಗೂಡು ಕಾಣುವ ಜಾಗ ನೋಡಿಕೊಂಡು ನಿಂತೆ. ನಾನು ಯಾಕೆ ಅಲ್ಲೇ ನಿಂತೆ ಎಂದು ಅಜ್ಜಿಗೂ ಗೊತ್ತಿತ್ತು, ಅಕ್ಕನ ಮಗಳಿಗೂ ಗೊತ್ತಿತ್ತು. ಒಳಗೆ ಮಗು ಇನ್ನೂ ಅಳುತ್ತಿತ್ತು.